ನಾಕು ಡಿಗ್ರಿ

ಬ್ಯಾಡಗಿ ದಾಟಿ ಮೋಟೆಬೆನ್ನೂರ ರಸ್ತೆದಾಗ
ನಮ್ಮ ಕೋಲ್ಡ್ ಸ್ಟೋರೇಜು.
ಒಳಗ ಅರವತ್ತು ಸಾವಿರ ಚೀಲ ಮೆಣಸಿನಕಾಯಿ ಮಲಗಿರತಾವು,
ಹೊರಗ ಎಚ್ಚರ ಇರಾವ ನಾ ಒಬ್ಬ, ಗುಡ್ಡಪ್ಪ.
ತಾಸಿಗೊಮ್ಮೆ ಗಾಜಿನೊಳಗಿನ ಮುಳ್ಳು ನೋಡಿ
ರಿಜಿಸ್ಟರಿನಾಗ ಬರೀಬೇಕು:
ನಾಕು. ನಾಕೂವರಿ. ನಾಕು.
ನಡುವಿನ ಐವತ್ತೆಂಟು ಮಿನಿಟು ಯಾರವೂ ಅಲ್ಲ,
ಅದಕ್ಕ ನನ್ನವು.

ಫೋನಿನಾಗ ಒಬ್ಬಾಕಿ ಇದ್ದಾಳ.
ಯಾವ ದೇಶದಾಕಿಯೋ, ಎದಿ ಮ್ಯಾಲಿನ ಹೆಸರು ಓದಾಕ ಬರಂಗಿಲ್ಲ.
ಹಸಿರು ಬನಾತಿನ ಮ್ಯಾಲೆ ಎಲಿ ಸರಸತಾಳ,
ಎರಡು ಈ ಕಡೆ, ಎರಡು ಆ ಕಡೆ.
ಒಂಬತ್ತರ ಹತ್ತಿರ ಇದ್ದ ಕಡೆ ಗೆದ್ದಂಗ.
ಹತ್ತು ದಾಟಿತೋ, ಹತ್ತು ಉದುರತೈತಿ.
ರಾಜಾ, ರಾಣಿ, ಗುಲಾಮ: ಮೂವರೂ ಸೊನ್ನಿ.
ಈ ಕಾಯದೆ ನನಗ ಬಾಳ ಸೇರಿತು.

ಪ್ಲೇಯರ್ ಅಂದರ ನಾ ಅಲ್ಲ,
ಬ್ಯಾಂಕರ್ ಅಂದರ ಬ್ಯಾಂಕಿನಾವ ಅಲ್ಲ.
ಬರೇ ಹೆಸರು, ಎಡಾ ಬಲಾ ಇದ್ದಂಗ.
ಬ್ಯಾಂಕರ್ ಕೂದಲೆಳಿಯಷ್ಟು ಹೆಚ್ಚಿಗಿ ಗೆಲ್ಲತಾನ,
ಅದಕ್ಕ ಗೆದ್ದ ನೂರಕ್ಕ ಐದು ಮುರಕೊಂಡು ಕೊಡತಾರ.
ದಲಾಲಿ ಅಂಗಡ್ಯಾಗ ಹನ್ನೆರಡು ವರ್ಷ ತೂಕ ಮಾಡಿದಾವ ನಾ.
ಮುಖದ ಮುಂದ ಐದು ಮುರಕೊಳ್ಳಾವರನ್ನ ನಂಬಬಹುದು,
ಒಂದಕ್ಕ ಎಂಟು ಕೊಡತೇನಿ ಅನ್ನಾವರನ್ನಲ್ಲ.
ಟೈ ಬರಲಿ ಅಂತ ರೊಕ್ಕ ಕಟ್ಟಾವ,
ತಕ್ಕಡಿ ಮುಳ್ಳು ತಾನ ನಟ್ಟನಡು ನಿಂದರತೈತಿ ಅಂತ
ಕೈಕಟಗೊಂಡು ಕುಂತಾವ.

ಪಗಾರದ ದಿನ ಎರಡು ಸಾವಿರ ಬ್ಯಾರೆ ತಗದಿಡತೇನಿ,
ನಲವತ್ತು ಪಾಲು ಮಾಡತೇನಿ.
ಕೈಗೆ ಐವತ್ತು.
ಸಿಟ್ಟು ಬಂದರೂ ಐವತ್ತು, ಹುರುಪು ಬಂದರೂ ಐವತ್ತು.
ರಾತ್ರಿಗೆ ಐನೂರು ಹೋತೋ, ಫೋನು ಮಕಾಡೆ.
ಮುನ್ನೂರು ಬಂತೋ, ಆಗೂ ಮಕಾಡೆ.
ಎರಡನೇದು ಮೊದಲಿನದಕ್ಕಿಂತ ಕಷ್ಟ,
ಮಾಡಿ ನೋಡ್ರಿ.

ಡಿಗ್ರಿ ಬರಿಯೋ ಸಾಲಿನ ಬಾಜೂಕ ಸಣ್ಣಾಗಿ
ಬ ಅಂತ ಬರೀತಿದ್ದೆ, ಪ ಅಂತ ಬರೀತಿದ್ದೆ.
ಒಂದು ಮುಂಜಾನೆ ಮ್ಯಾನೇಜರ್ ಕಬ್ಬೂರ ಕೇಳಿದರು:
ಇದೇನೋ ಇದು?
ಬ ಅಂದರ ಬಾಗಲಾ ಹಾಕೇತಿ ಸರ್,
ಪ ಅಂದರ ಪಂಪು ನಡದೈತಿ.
ಅವರ ಬೆರಳು ಸಾಲಿನ ಮ್ಯಾಲೆ ಹರದು ಒಂದು ಕಡೆ ನಿಂತಿತು.
ಪ ಪ ಪ ಪ ಪ ಪ.
ಬರೋಬ್ಬರಿ ಆರು ಸಲ ಪಂಪು?
ಆ ರಾತ್ರಿ ಏನಾಗಿತ್ತಲೇ?

ಆ ರಾತ್ರಿ ಲೋಡಿಗೆ ಬಂದ ಡ್ರೈವರ್ ಮೈಲಾರಿ
ನನ್ನ ಹೆಗಲಿಗೆ ಗದ್ದ ಊರಿ ಕುಂತಿದ್ದ.
ಹೋದಾಗೊಮ್ಮೆ ದುಪ್ಪಟ್ಟು ಮಾಡು ಮಾವಾ,
ಒಮ್ಮೆ ಬಂದರ ಎಲ್ಲಾ ವಸೂಲು.
ಐವತ್ತು. ನೂರು. ಎರಡನೂರು.
ನಾಕನೂರು. ಎಂಟನೂರು.
ಆರನೇದಕ್ಕ ಹದಿನಾರನೂರು ಬೇಕಿತ್ತು,
ನನ್ನ ಕಡೆ ಉಳದಿದ್ದು ನಾಕನೂರಾ ಐವತ್ತು.
ಬರೇಗೈಲೆ ನೋಡಿದೆ. ಆರನೇದೂ ಪ.
ಏಳನೇದು ಬ.
ಮೈಲಾರಿ ನೋಡಿದ್ಯಾ, ನಾ ಹೇಳಿರಲಿಲ್ಲಾ? ಅಂದ,
ಚಹಾ ಕುಡದು ಗಾಡಿ ಹತ್ತಿದ.

ಐದು ಸಲ ಸೋತಾನ ಪಾಪ, ಅಂತ ಎಲಿಗೆ ಗೊತ್ತಿರಂಗಿಲ್ಲ.
ಟೆಂಡರ್ ದಿನ ಪ್ಯಾಟ್ಯಾಗ
ನಿನ್ನೆ ರೇಟು ಇಳದೈತಿ, ಇವತ್ತು ಏರಾಕ ಬೇಕು
ಅನ್ನೋ ಖರೀದಿದಾರರನ್ನ ನೋಡಿ ನಕ್ಕಾವ ನಾ.
ಮೆಣಸಿನಕಾಯಿಗೆ ನಿನ್ನೆ ಅನ್ನೋದಿಲ್ಲ.

ಪಂಪು ಬಿಸಿ ಆಗಿತ್ತು ಸರ್, ಅಂದೆ.

ಈಗ ಮತ್ತ ಐವತ್ತು. ಅಷ್ಟ.
ಗೆಲ್ಲತೀಯೇನು ಅಂದರ, ಇಲ್ಲ.
ತಂಪಿನಾಗ ಇಟ್ಟರ ಕಾಯಿ ಮತ್ತಷ್ಟು ಕೆಂಪಾಗಂಗಿಲ್ಲ,
ಬಣ್ಣ ಇಳಿಯೋದು ತಡ ಆಗತೈತಿ.
ಒಂದ ರಾತ್ರ್ಯಾಗ ಹೋಗೋ ಎರಡು ಸಾವಿರ
ಎರಡು ತಿಂಗಳು ಬರತಾವು.
ಬಾಡಿಗಿ ಯಾರಿಗೆ ಹೋಗತೈತಿ ಅನ್ನೋದು
ಚೀಲಕ್ಕೂ ಗೊತ್ತು, ನನಗೂ ಗೊತ್ತು.

ನಸುಕಿನ್ಯಾಗ ಆಕೀ ಪಾಳಿ ಮುಗೀತು.
ಎದ್ದು ಹೋಗಾಕ ಮುಂಚೆ ಎರಡೂ ಅಂಗೈ ಎತ್ತಿ,
ಹಿಂದ ಮುಂದ ಹೊರಳಿಸಿ ಕ್ಯಾಮೆರಾಕ್ಕ ತೋರಿಸಿದಳು,
ಏನೂ ಒಯ್ಯಾಕತ್ತಿಲ್ಲ ಅಂತ.

ಆರಕ್ಕ ಹಗಲಿನ ವಾಚಮನ್ನು ಬಂದ.
ಗೇಟಿನ್ಯಾಗ ನಾನೂ ಚೀಲಾ ಬೋರಲು ಹಾಕಿ ಜಾಡಿಸಿದೆ:
ಬುತ್ತಿ ಡಬ್ಬಿ, ಮಫ್ಲರು, ಚಾರ್ಜರು,
ಎಲ್ಲಿಂದಲೋ ಒಂದು ತೊಟ್ಟು.
ಅದನ್ನ ಇಸಗೊಂಡ.